ಮಾರಿಸ್ ಮೋಟಾರು: ಒಂದು ಹೆಸರಿನ ಚರಿತ್ರೆ



ಕೆಲವು ತಿಂಗಳ ಹಿಂದೆ ಒಂದು ಆದಿತ್ಯವಾರ ಸಂಜೆ ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸಿಡುತ್ತಿದ್ದೆ. ವಿಜಾಪುರದ ಕಡೆಯ ಒಬ್ಬ ತರುಣ ಬಂದು ಎದುರಿನ ಬಾಕಿನ ಮೇಲೆ ಕುಳಿತ. ಐ. ಟಿ. ಐ. ಪಾಸಾದವ. ಸೂರತ್ತಿನ ಬಣ್ಣದ ಗಿರಣಿಯೊಂದರಲ್ಲಿ ದುಡಿಯುವ ಸೋದರಮಾವನ ಮನೆಯಲ್ಲಿ ಆರು ತಿಂಗಳಿದ್ದು, ಕೆಲಸ ಹುಡುಕುತ್ತ ಅಹಮದಾಬಾದಿಗೆ ಬಂದಿದ್ದ. ಕೈಯಲ್ಲಿ ಗುತ್ತಿಗೆದಾರನೊಬ್ಬ ಕೊಟ್ಟ ಚೀಟಿ ಇತ್ತು.

"ಅಣ್ಣಾರ, ಬಡೋದೆ ಹತ್ರ ಮೋಟಾರಿನ ಸಾಮಾನು ಮಾಡೋ ಕಾರ್ಖಾನ್ಯಾಗ ಕೆಲಸ ಐತಂತ. ಅವರ ಮಾಲು ಭಾಳ ದೊಡ್ಡ ಹೆಸರಿನ ಕಂಪನಿಗೆ ಹೋಗತೈತಂತ. ಹೆಸರು ದೊಡ್ಡದಿದ್ರ ಕೆಲಸಾನೂ ಗಟ್ಟಿ ಇರತೈತಿಲ್ರಿ?" ಎಂದು ಕೇಳಿದ.

ಕೂಡಲೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಆಮೇಲೆ ಸಂಘದ ಕೆಲವರು ಪಾವಾಗಢದ ದೇವಿಯ ದರ್ಶನಕ್ಕೆ ಹೊರಟಾಗ ನಾನೂ ಹೋಗಿದ್ದೆ. ಬೆಟ್ಟದ ದಾರಿಯಲ್ಲಿ ಹಾಲೋಲ್ ಬರುತ್ತದೆ. ಅಲ್ಲಿ ತಯಾರಾಗುವ ಮೋಟಾರುಗಳ ಮೂತಿಯ ಮೇಲೆ ಎಂಟು ಮೂಲೆಯ ಒಂದು ಮುದ್ರೆ, ಅದರೊಳಗೆ ಎಂ. ಜಿ. ಎಂಬ ಎರಡು ಅಕ್ಷರ. "ಇದು ವಿಲಾಯತಿ ಗಾಡಿಯೋ, ಚೀನದ್ದೋ, ನಮ್ಮದೋ?" ಎಂದು ಬಸ್ಸಿನಲ್ಲಿ ಚರ್ಚೆ ಎದ್ದಿತು. ಈ ಪ್ರಶ್ನೆಗೂ ಆ ತರುಣನ ಪ್ರಶ್ನೆಗೂ ನಂಟಿದೆ ಎಂದು ನನಗೆ ತೋರಿತು. ನಾನು ಮ್ಯಾಟ್ರಿಕ್ಕಿನವರೆಗೆ ಓದಿದ ಗಿರಣಿಯ ಕಾರಕೂನ, ಯಂತ್ರಶಾಸ್ತ್ರ ಬಲ್ಲವನಲ್ಲ. ಆದರೂ ಓದಿ ತಿಳಿದುಕೊಂಡಷ್ಟನ್ನು ಈ ಸಲದ ಪಾಠವಾಗಿ ನಿಮ್ಮ ಮುಂದಿಡುತ್ತೇನೆ.

೧. ಸೈಕಲ್ ರಿಪೇರಿಯ ಹುಡುಗ

ಎಂ. ಜಿ. ಎಂದರೆ ಮಾರಿಸ್ ಗ್ಯಾರೇಜಸ್, ಅರ್ಥಾತ್ ಮಾರಿಸನ ಗ್ಯಾರೇಜುಗಳು. ಈ ವಿಲಿಯಂ ಮಾರಿಸ್ ೧೮೭೭ರಲ್ಲಿ ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಬೆಳೆದವನು. ಆಕ್ಸ್‌ಫರ್ಡ್ ಎಂದೊಡನೆ ನಮಗೆ ವಿಶ್ವವಿದ್ಯಾಲಯ ನೆನಪಾಗುತ್ತದೆ. ಆದರೆ ಮಾರಿಸ್ ಅಲ್ಲಿನ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹದಿನೈದರ ಹರೆಯಕ್ಕೆ ಶಾಲೆ ಬಿಟ್ಟು ಒಂದು ಸೈಕಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಒಂಬತ್ತು ತಿಂಗಳ ಮೇಲೆ ಪಗಾರ ಹೆಚ್ಚಿಸಿರೆಂದು ಕೇಳಿದ, ಮಾಲೀಕ ಒಪ್ಪಲಿಲ್ಲ. ೧೮೯೩ರಲ್ಲಿ, ಹದಿನಾರನೆಯ ವಯಸ್ಸಿಗೆ, ೪ ಪೌಂಡು ಬಂಡವಾಳ ಹಾಕಿ ತಂದೆಯ ಮನೆಯ ಹಿಂದಿನ ಚಪ್ಪರದಲ್ಲಿ ಸ್ವಂತವಾಗಿ ಸೈಕಲ್ ರಿಪೇರಿ ಆರಂಭಿಸಿದ. ಸೈಕಲ್ ಕಟ್ಟಿ ಮಾರಿದ. ತಾನೇ ಪಂದ್ಯಗಳಲ್ಲಿ ಓಡಿಸಿ ಗೆದ್ದ. ಆಮೇಲೆ ಮೋಟಾರ್ ಸೈಕಲ್ಲು, ಬಾಡಿಗೆ ಮೋಟಾರು, ಗ್ಯಾರೇಜು, ಹೀಗೆ ಒಂದೊಂದೇ ಮೆಟ್ಟಿಲು ಮೇಲೇರಿದ.

೧೯೧೩ರಲ್ಲಿ ಮಾರಿಸ್ ಆಕ್ಸ್‌ಫರ್ಡ್ ಎಂಬ ಅವನ ಮೊದಲ ಮೋಟಾರು ಹೊರಬಿದ್ದಿತು. ಆ ಗಾಡಿ ಸಿದ್ಧವಾಗುವ ಮೊದಲೇ, ಬರಿಯ ನಕ್ಷೆ ನೋಡಿ ಲಂಡನ್ನಿನ ಒಬ್ಬ ವ್ಯಾಪಾರಿ ೪೦೦ ಗಾಡಿಗಳನ್ನು ಬೇಡಿದ್ದನಂತೆ. ಆಕ್ಸ್‌ಫರ್ಡಿನ ಮಗ್ಗುಲಲ್ಲಿರುವ ಕೌಲಿ ಎಂಬಲ್ಲಿ ಹಳೆಯ ಸೈನಿಕ ಶಾಲೆಯೊಂದರ ಕಟ್ಟಡದಲ್ಲಿ ಕಾರ್ಖಾನೆ ನಡೆಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಉಂಟು. ಆ ಗಾಡಿಯ ದೊಡ್ಡ ಭಾಗಗಳನ್ನು ಮಾರಿಸ್ ತಾನು ತಯಾರಿಸಲಿಲ್ಲ. ಇಂಜಿನು ಕವೆಂಟ್ರಿಯ ಒಂದು ಕಂಪನಿಯದು. ಅಚ್ಚು ಬರ್ಮಿಂಗ್‌ಹ್ಯಾಮಿನ ಇನ್ನೊಂದು ಕಂಪನಿಯದು. ಇವನ್ನೆಲ್ಲ ತರಿಸಿ, ಪರೀಕ್ಷಿಸಿ, ಜೋಡಿಸಿ, ತನ್ನ ಹೆಸರು ಹಾಕಿ ಮಾರುವುದು ಅವನ ಕ್ರಮ. ಸೂರತ್ತಿನ ಬಾಂಧವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ತಾಕಾ ಬಟ್ಟೆಗೆ ನೂಲು ಒಬ್ಬನದು, ನೇಯ್ಗೆ ಇನ್ನೊಬ್ಬನದು, ಬಣ್ಣ ಮೂರನೆಯವನದು; ಕೊನೆಗೆ ಅಂಚಿನ ಮೇಲೆ ಬೀಳುವ ಛಾಪು ಮಾತ್ರ ನಾಲ್ಕನೆಯವನದು. ಹೆಸರು ಹಾಕಿದವನು ಮಾಲಿಗೆ ಜವಾಬ್ದಾರನಾಗಿ ನಿಂತರೆ ಅದರಲ್ಲಿ ತಪ್ಪಿಲ್ಲ. ಮಾರಿಸ್ ಹಾಗೆ ನಿಂತ. ಆದ್ದರಿಂದಲೇ ಅವನ ಹೆಸರು ಬೆಳೆಯಿತು. ಮುಂದೆ ಅನುಕೂಲವಾದಾಗ, ಭಾಗಗಳನ್ನು ಪೂರೈಸುತ್ತಿದ್ದ ಕಾರ್ಖಾನೆಗಳನ್ನು ಒಂದೊಂದಾಗಿ ಕೊಂಡುಕೊಂಡ.

೨. ಬೆಲೆ ಇಳಿಸಿ ಹೆಸರು ಗಳಿಸಿದುದು

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ವ್ಯಾಪಾರ ಬಿದ್ದುಹೋಯಿತು. ಕೌಲಿಯ ಅಂಗಳದಲ್ಲಿ ಮಾರಾಟವಾಗದ ಗಾಡಿಗಳು ಸಾಲುಗಟ್ಟಿ ನಿಂತವು. ಉಳಿದವರು ಕೈಕಟ್ಟಿ ಕುಳಿತಾಗ ಮಾರಿಸ್ ೧೯೨೧ರ ಫೆಬ್ರವರಿಯಲ್ಲಿ ಬೆಲೆ ಇಳಿಸಿದ. ೫೨೫ ಪೌಂಡಿನ ಗಾಡಿ ಒಮ್ಮೆಲೆ ೪೨೫ಕ್ಕೆ ಬಂದಿತು. ನಿಂತ ಗಾಡಿಗಳು ಖರ್ಚಾದವು, ಬೇಡಿಕೆ ಏರಿತು. ಆ ವರ್ಷ ಮೂರು ಸಾವಿರದಷ್ಟಿದ್ದ ಮಾರಾಟ ೧೯೨೫ರಲ್ಲಿ ಐವತ್ತು ಸಾವಿರವನ್ನು ಮೀರಿತು. ಶ್ರೀಮಂತರ ಆಟಿಕೆಯಾಗಿದ್ದ ಮೋಟಾರು ಶಾಲಾಮಾಸ್ತರನಿಗೂ ಸಣ್ಣ ಅಂಗಡಿಕಾರನಿಗೂ ಎಟುಕಿತು. ಗಟ್ಟಿ, ಅಗ್ಗ, ಎಲ್ಲಿ ಕೆಟ್ಟರೂ ರಿಪೇರಿಯಾಗುವ ಗಾಡಿ: ಮಾರಿಸ್ ಎಂಬ ಹೆಸರಿಗೆ ಜನ ಕೊಟ್ಟ ಅರ್ಥ ಇದು.

ಮಾರಿಸ್ ಮುಂದೆ ಲಾರ್ಡ್ ನಫೀಲ್ಡ್ ಎನಿಸಿಕೊಂಡ. ಮಕ್ಕಳಿರಲಿಲ್ಲ. ಗಳಿಸಿದ್ದರಲ್ಲಿ ಬಹುಪಾಲನ್ನು ದಾನ ಮಾಡಿದ. ೧೯೩೭ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವನ ಹೆಸರಿನ ಕಾಲೇಜು ಸ್ಥಾಪನೆಯಾಯಿತು. ೧೯೪೩ರಲ್ಲಿ ಒಂದು ಕೋಟಿ ಪೌಂಡು ಕೊಟ್ಟು ಒಂದು ಪ್ರತಿಷ್ಠಾನ ಏರ್ಪಡಿಸಿದ. ಉಸಿರಾಟ ನಿಂತ ರೋಗಿಗಳನ್ನು ಬದುಕಿಸುವ ಯಂತ್ರಗಳನ್ನು ತನ್ನ ಕಾರ್ಖಾನೆಯಲ್ಲಿ ಮಾಡಿಸಿ ಆಸ್ಪತ್ರೆಗಳಿಗೆ ಧರ್ಮಾರ್ಥ ಕೊಟ್ಟ. ಆದರೆ ಕಾರ್ಮಿಕರ ಸಂಘವೆಂದರೆ ಅವನಿಗೆ ಆಗುತ್ತಿರಲಿಲ್ಲ. ಎರಡೂ ಅದೇ ಮನುಷ್ಯನ ಗುಣಗಳೇ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಡುವುದು ಸರಿಯಲ್ಲ.

ಕೌಲಿಯ ಕೆಲಸಗಾರರೆಲ್ಲ ಆಕ್ಸ್‌ಫರ್ಡಿನವರಲ್ಲ. ವೇಲ್ಸ್ ಪ್ರಾಂತದಲ್ಲಿ ಕಲ್ಲಿದ್ದಲ ಗಣಿಗಳು ಕುಸಿದಾಗ ಅಲ್ಲಿನ ಬಡವರು ಹೊಟ್ಟೆಪಾಡಿಗಾಗಿ ಗುಂಪುಗುಂಪಾಗಿ ಇಲ್ಲಿಗೆ ಬಂದರು. ಅವರ ಮಾತು ಬೇರೆ, ರೀತಿ ಬೇರೆ. ೧೯೩೪ರಲ್ಲಿ ಮಾರಿಸ್ ಕಾರ್ಖಾನೆಯ ನೆರೆಯಲ್ಲಿದ್ದ ಪ್ರೆಸ್ಡ್ ಸ್ಟೀಲ್ ಕಾರ್ಖಾನೆಯಲ್ಲಿ ಮುಷ್ಕರ ನಡೆದು ಸಂಘ ಬೇರೂರಿದಾಗ ಮುಂದೆ ನಿಂತವರಲ್ಲಿ ಈ ವೇಲ್ಸಿನವರೇ ಹಲವರು. ಅದಕ್ಕೂ ಮುಂಚೆ, ೧೯೨೮ರಲ್ಲಿ, ಅವರು ತಮ್ಮ ನಾಡಿನ ಹಾಡು ಮರೆಯಬಾರದೆಂದು ಆಕ್ಸ್‌ಫರ್ಡಿನಲ್ಲಿ ಒಂದು ಗಾಯನ ಮಂಡಲಿ ಕಟ್ಟಿದ್ದರು. ಪರಊರಿನಲ್ಲಿ ಕನ್ನಡ ಸಂಘ ಕಟ್ಟಿಕೊಂಡ ನಮಗೆ ಈ ಮಾತು ಹೊಸದೆನಿಸದು. ಮಾರಿಸ್ ಹೆಸರಿನ ಗಾಡಿಗಳು ಇಂಗ್ಲೆಂಡಿನಲ್ಲಿ ತಯಾರಾಗುವುದು ನಿಂತು ಎಷ್ಟೋ ವರ್ಷಗಳಾದವು. ವೇಲ್ಸಿನವರ ಆ ಗಾಯನ ಮಂಡಲಿ ಇನ್ನೂ ಇದೆ.

೩. ಎಂಟು ಮೂಲೆಯ ಮುದ್ರೆ

ಮಾರಿಸ್ ಗ್ಯಾರೇಜಸ್ ಎಂಬುದು ಗಾಡಿಗಳನ್ನು ಮಾರುವ, ದುರಸ್ತಿ ಮಾಡುವ ಅಂಗಡಿ. ೧೯೨೧ರಲ್ಲಿ ಅಲ್ಲಿ ಸೇರಿದ ಸೆಸಿಲ್ ಕಿಂಬರ್ ಮರುವರ್ಷವೇ ಅದರ ಮೇಲ್ವಿಚಾರಕನಾದ. ಅವನು ಮಾರಿಸನ ಸಾದಾ ಗಾಡಿಗಳಿಗೆ ಚೆಲುವಾದ ಹಗುರ ಮೈ ಕಟ್ಟಿಸಿ ವೇಗವಾಗಿ ಓಡುವಂತೆ ತಿದ್ದಿಸಿದ. ಎಂಟು ಮೂಲೆಯ ಮುದ್ರೆ ೧೯೨೪ರಲ್ಲಿ ನೋಂದಣಿಯಾಯಿತು. ಮುಂದೆ ಆಬಿಂಗ್‌ಡನ್ ಎಂಬ ಸಣ್ಣ ಊರಿನಲ್ಲಿ ಬೇರೆ ಕಾರ್ಖಾನೆಯೇ ಆಯಿತು. ಪಂದ್ಯಗಳಲ್ಲಿ ಎಂ. ಜಿ. ಗಾಡಿಗಳು ಗೆದ್ದವು. ೧೯೫೫ರ ಎಂ. ಜಿ. ಎ. ಗಾಡಿ ಒಂದು ಲಕ್ಷಕ್ಕೂ, ೧೯೬೨ರ ಎಂ. ಜಿ. ಬಿ. ಗಾಡಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಅವುಗಳಲ್ಲಿ ಬಹಳಷ್ಟು ಅಮೇರಿಕೆಗೆ ಹೋದವು.

ಹೆಸರು ಕಟ್ಟಿದ ಕಿಂಬರನ ಗತಿ ಏನಾಯಿತು? ಮೇಲಿನವರಿಗೂ ಅವನಿಗೂ ಸರಿಬೀಳದೆ ೧೯೪೧ರಲ್ಲಿ ಅವನನ್ನು ಹೊರಗೆ ಕಳಿಸಿದರು. ೧೯೪೫ರ ಫೆಬ್ರವರಿಯಲ್ಲಿ ಲಂಡನ್ನಿನ ರೈಲು ಅಪಘಾತವೊಂದರಲ್ಲಿ ಅವನು ತೀರಿಕೊಂಡ. ಮುದ್ರೆ ಮಾತ್ರ ಮುಂದೆ ನಡೆಯಿತು.

೪. ಗುಜರಾತಿಗೆ ಬಂದ ಮಾರಿಸ್

ಈಗ ನಮ್ಮ ಪ್ರಾಂತಕ್ಕೆ ಬರೋಣ. ೧೯೪೨ರಲ್ಲಿ ಬಿ. ಎಂ. ಬಿರ್ಲಾ ಅವರು ಹಿಂದುಸ್ಥಾನ್ ಮೋಟರ್ಸ್ ಕಂಪನಿ ಸ್ಥಾಪಿಸಿದರು. ಅದರ ಮೊದಲ ಕೆಲಸ ನಡೆದದ್ದು ದ್ವಾರಕೆಯ ಹತ್ತಿರದ ಓಖಾ ಬಂದರಿನಲ್ಲಿ. ಓಖಾ ಆಗ ಬಡೋದೆಯ ಗಾಯಕವಾಡರ ಸಂಸ್ಥಾನಕ್ಕೆ ಸೇರಿತ್ತು. ಹಡಗಿನಲ್ಲಿ ಬಂದ ಮಾರಿಸ್ ಭಾಗಗಳನ್ನು ಜೋಡಿಸಿ 'ಹಿಂದುಸ್ಥಾನ್ ೧೦' ಎಂದು ಹೆಸರಿಟ್ಟರು. ೧೯೪೮ರಲ್ಲಿ ಕೆಲಸ ಕಲಕತ್ತೆಯ ಬಳಿಯ ಉತ್ತರಪಾಡಾಕ್ಕೆ ಹೋಯಿತು.

ಅಲ್ಲಿ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯನ್ನು ಆಧರಿಸಿ ೧೯೫೭ರಲ್ಲಿ ಆರಂಭವಾದ ಗಾಡಿಯೇ ಅಂಬಾಸಿಡರ್. ನಮ್ಮಲ್ಲಿ ಅದನ್ನು ಅರಿಯದವರಾರು? ಕಲೆಕ್ಟರರ ಕಚೇರಿಯ ಮುಂದೆ ನಿಲ್ಲುತ್ತಿದ್ದ ಬಿಳಿಯ ಗಾಡಿ, ಮಂತ್ರಿಗಳ ಗಾಡಿ, ಮದುವೆಯ ದಿಬ್ಬಣದ ಹೂಮಾಲೆಯ ಗಾಡಿ, ಎಂಟು ಹತ್ತು ಜನ ಒತ್ತಿ ಕುಳಿತು ಹಳ್ಳಿಗೆ ಹೋಗುತ್ತಿದ್ದ ಬಾಡಿಗೆ ಗಾಡಿ, ಎಲ್ಲವೂ ಅದೇ. ಇನ್ನೊಂದು ಸ್ವಾರಸ್ಯ ಕೇಳಿ. ಅಂಬಾಸಿಡರಿಗೆ ೧೯೫೯ರಿಂದ ಹಾಕತೊಡಗಿದ ೧,೪೮೯ ಘನ ಸೆಂಟಿಮೀಟರಿನ ಇಂಜಿನು, ಪಂದ್ಯದ ಗಾಡಿಯೆಂದು ಹೆಸರಾದ ಮೊದಲ ಎಂ. ಜಿ. ಎ.ದ ಇಂಜಿನು, ಎರಡೂ ಒಂದೇ ಮನೆತನದವು. ಒಂದು ಅಮೇರಿಕೆಯ ಶ್ರೀಮಂತ ತರುಣರನ್ನು ಹೊತ್ತು ಓಡಿತು. ಇನ್ನೊಂದು ನಮ್ಮ ತಹಶೀಲದಾರರನ್ನು ಹೊತ್ತು ತೆವಳಿತು.

ಇಂಗ್ಲೆಂಡಿನಲ್ಲಿ ಆ ಮಾದರಿ ೧೯೫೯ಕ್ಕೇ ಮುಗಿಯಿತು. ನಮ್ಮಲ್ಲಿ ಐವತ್ತೈದು ವರ್ಷಕ್ಕೂ ಮಿಕ್ಕಿ ಬಾಳಿತು. ಪರದೇಶದ ಗಾಡಿ ಸುಲಭವಾಗಿ ಸಿಗದ ಕಾಲ; ಲೈಸೆನ್ಸಿನ ಕಟ್ಟು; ಸ್ಪರ್ಧೆ ಅಲ್ಪ. ಗಾಡಿ ಗಟ್ಟಿಯಾಗಿತ್ತು, ಸುತ್ತಿಗೆ, ಪಾನಾ ಹಿಡಿಯಬಲ್ಲ ಯಾವ ಊರಿನ ಮಿಸ್ತ್ರಿಯೂ ಸರಿಮಾಡುತ್ತಿದ್ದ. ಆದರೆ ಗಿರಾಕಿ ಎಲ್ಲಿಗೂ ಹೋಗಲಾರ ಎಂಬ ಧೈರ್ಯದಿಂದ ಅದರಲ್ಲಿ ಸುಧಾರಣೆ ಅಪರೂಪವಾಯಿತು. ೧೯೮೩ರಲ್ಲಿ ಮಾರುತಿ ಬಂದ ಮೇಲೆ ಜನರ ಮನಸ್ಸು ತಿರುಗಿತು. ೧೯೮೦ರ ದಶಕದ ನಡುವೆ ವರ್ಷಕ್ಕೆ ಸುಮಾರು ೨೪ ಸಾವಿರ ಗಾಡಿ ತಯಾರಾಗುತ್ತಿದ್ದಲ್ಲಿ ಕೊನೆಯ ವರ್ಷಗಳಲ್ಲಿ ಎರಡು ಮೂರು ಸಾವಿರಕ್ಕೆ ಇಳಿಯಿತು. ೨೦೧೪ರ ಮೇ ತಿಂಗಳಲ್ಲಿ ಉತ್ತರಪಾಡಾದ ಕೆಲಸ ನಿಂತಿತು. ಎರಡು ಸಾವಿರಕ್ಕೂ ಹೆಚ್ಚು ಜನ ಮನೆಯಲ್ಲಿ ಕುಳಿತರು. ೨೦೧೭ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಮಾತ್ರ ಫ್ರಾನ್ಸಿನ ಪ್ಯೂಜೋ ಕಂಪನಿಗೆ ೮೦ ಕೋಟಿ ರೂಪಾಯಿಗೆ ಮಾರಲಾಯಿತು.

ಮತ್ತೆ ಓದಿ ನೋಡಿ. ಗಾಡಿಯಿಲ್ಲದಿದ್ದರೂ ಹೆಸರಿಗೆ ೮೦ ಕೋಟಿ.

೫. ಹೆಸರು ಕೈಯಿಂದ ಕೈಗೆ

ಅತ್ತ ಇಂಗ್ಲೆಂಡಿನಲ್ಲಿಯೂ ಇಂಥದೇ ಕಥೆ. ೧೯೫೨ರಲ್ಲಿ ಮಾರಿಸ್ ಕಂಪನಿ ತನ್ನ ಎದುರಾಳಿ ಆಸ್ಟಿನ್ನಿನೊಡನೆ ಕೂಡಿತು. ೧೯೬೮ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಎಂಬ ಮಹಾಸಂಸ್ಥೆಯೊಳಗೆ ಸೇರಿತು. ಒಂದೇ ಸೂರಿನಡಿ ಹತ್ತಾರು ಹೆಸರುಗಳು, ಒಂದೇ ಗಾಡಿಗೆ ಬೇರೆ ಬೇರೆ ಮುದ್ರೆ ಒತ್ತಿ ಮಾರುವ ಪದ್ಧತಿ, ಆಡಳಿತಕ್ಕೂ ಕೆಲಸಗಾರರಿಗೂ ತೀರದ ಜಗಳ, ಮಾಲಿನಲ್ಲಿ ಕುಂದು. ಐವತ್ತು ವರ್ಷ ಕಟ್ಟಿದ ಹೆಸರು ಹತ್ತು ವರ್ಷಗಳಲ್ಲಿ ಸವೆಯಿತು. ೧೯೭೫ರಲ್ಲಿ ಸರಕಾರವೇ ಕೈಹಿಡಿಯಬೇಕಾಯಿತು. ೧೯೮೦ರಲ್ಲಿ ಆಬಿಂಗ್‌ಡನ್ ಕಾರ್ಖಾನೆ ಮುಚ್ಚಿತು. ೧೯೮೪ರಲ್ಲಿ ಮಾರಿಸ್ ಹೆಸರಿನ ಕೊನೆಯ ಕಾರು ಹೊರಬಂತು.

ಉಳಿದ ಎಂ. ಜಿ. ಹೆಸರು ೧೯೮೮ರಲ್ಲಿ ಒಂದು ವಿಮಾನ ಕಂಪನಿಯ ಕೈಗೆ, ೧೯೯೪ರಲ್ಲಿ ಜರ್ಮನಿಯ ಬಿ. ಎಂ. ಡಬ್ಲ್ಯೂ. ಕೈಗೆ ಹೋಯಿತು. ೨೦೦೦ದಲ್ಲಿ ನಷ್ಟ ತಾಳದೆ ಅವರು ರೋವರ್ ಮತ್ತು ಎಂ. ಜಿ. ವ್ಯವಹಾರವನ್ನು ನಾಮಮಾತ್ರಕ್ಕೆ ೧೦ ಪೌಂಡಿಗೆ ಕೊಟ್ಟುಬಿಟ್ಟರು. ೪ ಪೌಂಡಿನಿಂದ ಮೊದಲಾದ ಮನೆತನದ ಕೊನೆಯ ಕುಡಿಗೆ ಬಂದ ಬೆಲೆ ಇದು! ೨೦೦೫ರ ಏಪ್ರಿಲ್ಲಿನಲ್ಲಿ ಆ ಕಂಪನಿಯೂ ಮುಳುಗಿತು. ಬರ್ಮಿಂಗ್‌ಹ್ಯಾಮ್ ಬಳಿಯ ಲಾಂಗ್‌ಬ್ರಿಜ್ ಕಾರ್ಖಾನೆಯ ಸುಮಾರು ಆರು ಸಾವಿರ ಜನರ ಕೆಲಸ ಹೋಯಿತು. ಅದೇ ವರ್ಷ ಚೀನದ ನಾನ್‌ಜಿಂಗ್ ಕಂಪನಿ ಆಸ್ತಿಯನ್ನು ಕೊಂಡಿತು. ೨೦೦೭ರ ಕೊನೆಗೆ ಅದು ಶಾಂಘೈಯ ಸರಕಾರಿ ಒಡೆತನದ ಸಾಯಿಕ್ ಸಂಸ್ಥೆಯಲ್ಲಿ ಕೂಡಿಕೊಂಡಿತು.

೬. ಮತ್ತೆ ಬಡೋದೆಯ ಬಳಿ

ಹಾಲೋಲಿನ ಕಾರ್ಖಾನೆಗೂ ತನ್ನದೇ ಕಥೆಯಿದೆ. ೧೯೯೪ರಲ್ಲಿ ಅಮೇರಿಕೆಯ ಜನರಲ್ ಮೋಟರ್ಸ್ ಕಂಪನಿ ನಮ್ಮ ಹಿಂದುಸ್ಥಾನ್ ಮೋಟರ್ಸಿನೊಡನೆ ಪಾಲುಗೂಡಿತು. ೧೯೯೬ರಿಂದ ಹಾಲೋಲಿನಲ್ಲಿ ಆಸ್ಟ್ರಾ ಎಂಬ ಗಾಡಿ ತಯಾರಾಯಿತು. ಅದರ ಮೇಲಿನ ಮುದ್ರೆ ಜರ್ಮನಿಯ ಓಪೆಲ್ ಎಂಬುದು. ಓಪೆಲ್ ಕೂಡ ೧೮೬೨ರಲ್ಲಿ ಹೊಲಿಗೆ ಯಂತ್ರದಿಂದ ಆರಂಭವಾಗಿ, ಸೈಕಲ್ ಮಾಡಿ, ೧೮೯೯ರಲ್ಲಿ ಮೋಟಾರಿಗೆ ಕೈಹಾಕಿದ ಹಳೆಯ ಮನೆತನ. ೨೦೦೩ರಲ್ಲಿ ಇಲ್ಲಿ ಷೆವರ್ಲೆ ಎಂಬ ಅಮೇರಿಕದ ಹೆಸರು ಬಂದಿತು. ೨೦೦೬ರಲ್ಲಿ ಓಪೆಲ್ ಹೆಸರು ಭಾರತದಿಂದ ಹೋಯಿತು. ೨೦೧೭ರ ಏಪ್ರಿಲ್ ಕೊನೆಗೆ ಕಾರ್ಖಾನೆಯೇ ನಿಂತಿತು.

ಆ ವರ್ಷವೇ ಸಾಯಿಕ್ ಅದನ್ನು ಕೊಂಡಿತು. ೨೦೧೯ರಲ್ಲಿ ಎಂಟು ಮೂಲೆಯ ಮುದ್ರೆ ಹೊತ್ತ ಹೆಕ್ಟರ್ ಗಾಡಿ ಮಾರಾಟಕ್ಕೆ ಬಂತು. ಅದರ ಮೂಲ ಚೀನದಲ್ಲಿ ಬಾವ್‌ಜುನ್ ೫೩೦ ಎಂಬ ಹೆಸರಿನಲ್ಲಿ ಓಡುತ್ತಿದ್ದ ಗಾಡಿ. ೨೦೨೧ರಲ್ಲಿ ಐವತ್ತು ಸಾವಿರದ ಹೆಕ್ಟರನ್ನು ಹೆಂಗಸರೇ ಸೇರಿ ತಯಾರಿಸಿದರೆಂಬುದು ಸಂತೋಷದ ವಾರ್ತೆ. ೨೦೨೩ರ ಕೊನೆಗೆ ನಮ್ಮ ದೇಶದ ಜೆ. ಎಸ್. ಡಬ್ಲ್ಯೂ. ಸಂಸ್ಥೆ ನೂರಕ್ಕೆ ಮೂವತ್ತೈದರ ಪಾಲು ಹಿಡಿಯಲು ಒಪ್ಪಿತು. ಜೆ. ಎಸ್. ಡಬ್ಲ್ಯೂ. ಎಂದರೆ ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕಿನ ದೊಡ್ಡ ಕಾರ್ಖಾನೆ ನಡೆಸುತ್ತಿರುವ ಸಂಸ್ಥೆಯೇ.

ಹಾಗಾದರೆ ಬಸ್ಸಿನ ಪ್ರಶ್ನೆಗೆ ಉತ್ತರವೇನು? ಹೆಸರು ಆಕ್ಸ್‌ಫರ್ಡಿನದು, ನಕ್ಷೆ ಚೀನದ್ದು, ಹಣ ಎರಡು ದೇಶದ್ದು, ದುಡಿಮೆ ಪಂಚಮಹಾಲಿನದು. ನೂರು ವರ್ಷದ ಹಳೆಯ ಕಂಪನಿ ಎಂದು ಜಾಹೀರಾತು ಹೇಳಿದರೆ ಮುದ್ರೆಯ ಮಟ್ಟಿಗೆ ಅದು ನಿಜ. ಆದರೆ ಗಾಡಿಯ ಗುಣವನ್ನು ಈಗ ತಯಾರಿಸುವವರ ಕೆಲಸದಿಂದ ಅಳೆಯಬೇಕು, ಕಿಂಬರನ ಹೆಸರಿನಿಂದಲ್ಲ. ಚೀನದ್ದೆಂದು ಹಳಿಯುವುದೂ, ವಿಲಾಯತಿಯದೆಂದು ಹೊಗಳುವುದೂ ಎರಡೂ ಕುರುಡೇ.

೭. ನಾವು ತಿಳಿಯಬೇಕಾದುದು

ಅಹಮದಾಬಾದಿನವರಿಗೆ ಈ ಪಾಠ ಪುಸ್ತಕದಿಂದ ಬರಬೇಕಾಗಿಲ್ಲ. ಕ್ಯಾಲಿಕೋ ಎಂಬ ಹೆಸರು ಇಂದು ಜಗತ್ಪ್ರಸಿದ್ಧ ವಸ್ತ್ರಸಂಗ್ರಹಾಲಯದಲ್ಲಿ ಉಳಿದಿದೆ. ಆ ಗಿರಣಿ ಉಳಿದಿಲ್ಲ. ನನ್ನ ತಂದೆ ದುಡಿದ ಬೇರೊಂದು ಗಿರಣಿ ನಾನು ಬಾಲಕನಾಗಿದ್ದಾಗ ಮುಚ್ಚಿತು. ಅದರ ಛಾಪಿನ ಧೋತರವೊಂದು ನಮ್ಮ ಮನೆಯ ಟ್ರಂಕಿನಲ್ಲಿ ಇನ್ನೂ ಇದೆ. ನೂಲು ಗಟ್ಟಿಯಾಗಿದೆ. "ನಮ್ಮ ಮಿಲ್ಲಿನ ಮಾಲು ಅಂದ್ರ ಎಲ್ಲಾರೂ ಕಣ್ಣು ಮುಚ್ಚಿ ತಗೋತಿದ್ರು" ಎಂದು ತಂದೆಯವರು ಕೊನೆಯವರೆಗೂ ಹೆಮ್ಮೆಯಿಂದ ಹೇಳುತ್ತಿದ್ದರು. ಬರಬೇಕಾದ ಬಾಕಿ ಹಣಕ್ಕಾಗಿ ಅಲೆಯುವಾಗ ಮಾತ್ರ ಅವರ ಬಳಿ ಮಸ್ಟರಿನ ನಂಬರಾಗಲಿ ಪಗಾರದ ಚೀಟಿಯಾಗಲಿ ಒಂದೂ ಇರಲಿಲ್ಲ. ದೊಡ್ಡ ಗಿರಣಿ, ಕಾಗದ ಯಾಕೆ ಬೇಕೆಂದು ಇಟ್ಟುಕೊಂಡಿರಲಿಲ್ಲ.

ಹೆಸರನ್ನು ಗಳಿಸುವವರು ಹಲವರು: ನಕ್ಷೆ ಬರೆದವನು, ಬೋಲ್ಟು ಬಿಗಿದವನು, ಲೆಕ್ಕ ಬರೆದವನು. ಆದರೆ ಅದರ ಒಡೆತನ ಕಾಗದದ ಮೇಲೆ ಒಬ್ಬನದು. ಅವನು ಅದನ್ನು ಮಾರಬಹುದು. ಮಾರಿದಾಗ ಹೆಸರು ಸಮುದ್ರ ದಾಟಿ ಹೋಗುತ್ತದೆ. ದುಡಿದವನು ಗೇಟಿನ ಹೊರಗೆ ಉಳಿಯುತ್ತಾನೆ. ಆದ್ದರಿಂದ ಆ ತರುಣನಿಗೆ ನಾನು ಕೊನೆಗೆ ಹೇಳಿದ ಮಾತು ಇಷ್ಟು. ಹೆಸರನ್ನು ಗೌರವಿಸು, ಆದರೆ ಅದನ್ನು ನಂಬಿ ಸಹಿ ಹಾಕಬೇಡ. ಮೂರು ಮಾತು ಕೇಳಿ ತಿಳಿದುಕೋ. ನಿನ್ನ ಹೆಸರು ಯಾರ ಮಸ್ಟರಿನಲ್ಲಿ ಬರುತ್ತದೆ, ಕಂಪನಿಯದರಲ್ಲೋ ಗುತ್ತಿಗೆದಾರನದರಲ್ಲೋ? ಭವಿಷ್ಯ ನಿಧಿಯ ನಂಬರು, ಇ. ಎಸ್. ಐ. ಚೀಟಿ ನಿನ್ನ ಕೈಗೆ ಕೊಡುತ್ತಾರೋ? ಅಲ್ಲಿ ನಿನಗೆ ಯಾವ ಕೆಲಸ ಕಲಿಯಲು ಸಿಗುತ್ತದೆ? ಮಾರಿಸನಿಗೆ ಸೈಕಲ್ ಅಂಗಡಿಯವನು ಪಗಾರ ಹೆಚ್ಚಿಸಲಿಲ್ಲ. ಆದರೆ ಆ ಒಂಬತ್ತು ತಿಂಗಳ ಕೈಗಾರಿಕೆಯನ್ನು ಅವನಿಂದ ಕಿತ್ತುಕೊಳ್ಳಲೂ ಆಗಲಿಲ್ಲ.

ತರುಣ ಒಂದು ವಾರ ತಡೆದು, ಕೇಳಬೇಕಾದುದನ್ನು ಕೇಳಿ, ಕೆಲಸಕ್ಕೆ ಸೇರಿದ. ಮಸ್ಟರು ಗುತ್ತಿಗೆದಾರನದೇ ಅಂತೆ. ಆದರೆ ಭವಿಷ್ಯ ನಿಧಿಯ ನಂಬರು ಕೊಟ್ಟಿದ್ದಾರೆ. ವೆಲ್ಡಿಂಗ್ ಕೆಲಸಕ್ಕೆ ಹಾಕಿದ್ದಾರೆ. ನಂಬರನ್ನು ಎರಡು ಕಡೆ ಬರೆದಿಟ್ಟಿದ್ದೇನೆಂದು ಹೇಳಿಕಳಿಸಿದ್ದಾನೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

(೧) ೧೯೨೧ರಲ್ಲಿ ಮಾರಿಸ್ ಬೆಲೆ ಇಳಿಸಿದ್ದರಿಂದ ಏನಾಯಿತು?
(೨) ಅಂಬಾಸಿಡರ್ ಗಾಡಿ ಇಷ್ಟು ಕಾಲ ಬಾಳಲು ಎರಡು ಕಾರಣ ಕೊಡಿರಿ. ಅದು ನಿಲ್ಲಲು ಕಾರಣವೇನು?
(೩) ಓಖಾ ಮತ್ತು ಹಾಲೋಲ್ ಎಲ್ಲಿವೆ? ಮಾರಿಸ್ ಹೆಸರಿಗೂ ಇವಕ್ಕೂ ಏನು ಸಂಬಂಧ?
(೪) ನೀವು ದುಡಿಯುವ ಸ್ಥಳದಲ್ಲಿ ತಯಾರಾಗುವ ಮಾಲಿನ ಮೇಲೆ ಯಾರ ಹೆಸರಿರುತ್ತದೆ? ನಿಮ್ಮ ಹೆಸರು ಯಾರ ಮಸ್ಟರಿನಲ್ಲಿದೆ? ಗೊತ್ತಿಲ್ಲದವರು ಈ ವಾರ ಕೇಳಿ ತಿಳಿದುಕೊಳ್ಳಿರಿ. ಭವಿಷ್ಯ ನಿಧಿಯ ಕಾಗದ ಓದಲು ಸಹಾಯ ಬೇಕಾದವರು ಆದಿತ್ಯವಾರ ಸಂಜೆ ವಾಚನಾಲಯಕ್ಕೆ ಬರಬಹುದು. ನಾನು ಅಲ್ಲಿಯೇ ಇರುತ್ತೇನೆ.